ವಿಡಿಯೊ ಗೇಮ್‌ಗಳಲ್ಲಿ ಹೆಣ್ಣಿನ ದೇಹ: ಲಾರಾ ಕ್ರಾಫ್ಟ್ ಮತ್ತು ಅವಳ ಹಿಂದುಮುಂದಿನವರು

ವಿಡಿಯೊ ಗೇಮಿನಲ್ಲಿ ಹೆಣ್ಣುಪಾತ್ರವೊಂದನ್ನು ಭೋಗವಸ್ತುವಾಗಿ ಚಿತ್ರಿಸುವುದು ಎಂದರೆ ಅದಕ್ಕೆ ಕಡಿಮೆ ಬಟ್ಟೆ ತೊಡಿಸುವುದು ಎಂದಷ್ಟೇ ಅರ್ಥವಲ್ಲ. ಮೈಕಟ್ಟು, ಉಡುಗೆ, ನಿಲುವು, ನಡಿಗೆ, ಕ್ಯಾಮೆರಾದ ಕೋನ, ಕಥೆಯಲ್ಲಿ ಪಾತ್ರಕ್ಕೆ ಒಪ್ಪಿಸಿದ ಕೆಲಸ, ಇವೆಲ್ಲ ಸೇರಿ ಅವಳನ್ನು ನೋಡುವವರ ಸುಖಕ್ಕೆಂದು ನಿಲ್ಲಿಸಿದ ಮೈಯಾಗಿ ಮಾಡಿದಾಗ ಈ ಮಾತು ಹುಟ್ಟುತ್ತದೆ. ಕಡಲತೀರದ ದೃಶ್ಯದಲ್ಲಿ ಈಜುಡುಗೆ ತೊಟ್ಟವಳ ಬಗ್ಗೆ ಯಾರೂ ತಕರಾರು ಎತ್ತುವುದಿಲ್ಲ. ಗಂಡಸರೆಲ್ಲ ಕುತ್ತಿಗೆಯವರೆಗೆ ಉಕ್ಕಿನ ಕವಚ ತೊಟ್ಟು ನಿಂತ ರಣರಂಗದಲ್ಲಿ ಅವರ ಪಕ್ಕದ ಯೋಧೆಯ ಕವಚ ಮಾತ್ರ ಹೊಟ್ಟೆ, ತೊಡೆ, ಎದೆಯ ಮೇಲ್ಭಾಗವನ್ನು ಬಿಟ್ಟುಕೊಟ್ಟಿದ್ದರೆ ಪ್ರಶ್ನೆ ಏಳುತ್ತದೆ. ಆ ಕವಚ ಅವಳನ್ನು ಶತ್ರುವಿನ ಕತ್ತಿಯಿಂದ ಕಾಪಾಡಲಾರದು. ಹಾಗಾದರೆ ಅದನ್ನು ಯಾರಿಗಾಗಿ ತೊಡಿಸಲಾಗಿದೆ?

ಸಿನಿಮಾದ ವಿಷಯದಲ್ಲಿ ಈ ಪ್ರಶ್ನೆ ಹಳೆಯದು. ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಹಾಲಿವುಡ್ ಸಿನಿಮಾದ ಕ್ಯಾಮೆರಾ ಗಂಡಸಿನ ಕಣ್ಣಾಗಿ ಕೆಲಸ ಮಾಡುತ್ತದೆ, ಗಂಡು ಕಥೆಯನ್ನು ಮುಂದಕ್ಕೆ ನಡೆಸುತ್ತಾನೆ, ಹೆಣ್ಣು ಅವನ ನೋಟಕ್ಕೆ ಒದಗಿ ನಿಲ್ಲುತ್ತಾಳೆ ಎಂದು ವಾದಿಸಿದರು. ಗೇಮ್‌ಗಳನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಇಲ್ಲಿಂದಲೇ ಹೊರಟಿದ್ದಾರೆ. ಆದರೆ ಗೇಮ್ ಸಿನಿಮಾ ಅಲ್ಲ. ಪ್ರೇಕ್ಷಕ ನೋಡುತ್ತಾನೆ ಅಷ್ಟೆ; ಆಟಗಾರ ಆ ದೇಹವನ್ನು ಓಡಿಸುತ್ತಾನೆ, ನೆಗೆಸುತ್ತಾನೆ, ಬೀಳಿಸುತ್ತಾನೆ, ಅನೇಕ ಗೇಮ್‌ಗಳಲ್ಲಿ ಅದಕ್ಕೆ ಬಟ್ಟೆ ಆರಿಸುತ್ತಾನೆ, ಕ್ಯಾಮೆರಾವನ್ನೂ ತಾನೇ ತಿರುಗಿಸುತ್ತಾನೆ. ನೋಟವೂ ಹತೋಟಿಯೂ ಒಂದೇ ಕೈಯಲ್ಲಿ ಸೇರುವುದರಿಂದ ಇಲ್ಲಿ ವಿಷಯ ಇನ್ನಷ್ಟು ತೊಡಕಾಗುತ್ತದೆ. ಆ ದೇಹವನ್ನು ನಡೆಸುತ್ತ ಆಟಗಾರ ಸ್ವಲ್ಪ ಹೊತ್ತು ತಾನೇ ಅವಳಾಗುವುದೂ ಉಂಟು. ಈ ಎರಡೂ ಒಟ್ಟಿಗೆ ನಡೆಯುತ್ತವೆ ಎಂಬುದನ್ನು ಒಪ್ಪದೆ ಗೇಮಿನ ನಾಯಕಿಯರ ಬಗ್ಗೆ ಏನೂ ಹೇಳಲಾಗದು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಸಿನಿಮಾದಲ್ಲಿ ನಟಿ ಎಂಬ ಜೀವಂತ ವ್ಯಕ್ತಿ ಇರುತ್ತಾಳೆ. ಅವಳಿಗೆ ಅವಳದೇ ಮೈ, ಅವಳದೇ ಇಷ್ಟಾನಿಷ್ಟ. ಗೇಮಿನ ಪಾತ್ರ ಖಾಲಿ ಪರದೆಯಿಂದ ಹುಟ್ಟುತ್ತದೆ. ಮೊದಲು ಚಿತ್ರಕಾರರು ಪಾತ್ರದ ರೂಪ ಬರೆಯುತ್ತಾರೆ. ಮಾಡೆಲಿಂಗ್ ಮಾಡುವವರು ಅದನ್ನು ಪಾಲಿಗನ್ ಎಂಬ ಬಹುಭುಜ ತುಣುಕುಗಳ ಜಾಲರಿಯಾಗಿ ಕಟ್ಟುತ್ತಾರೆ. ರಿಗ್ಗಿಂಗ್ ಮಾಡುವವರು ಆ ಜಾಲರಿಯೊಳಗೆ ಎಲುಬುಗಳನ್ನು ಜೋಡಿಸುತ್ತಾರೆ. ಎದೆ ಕುಲುಕಬೇಕು ಎಂದಾದರೆ ಅದಕ್ಕೆಂದೇ ಬೇರೆ ಎಲುಬು ಇಟ್ಟು, ಎಷ್ಟು ಅಲುಗಬೇಕು, ಎಷ್ಟು ಬೇಗ ನಿಲ್ಲಬೇಕು ಎಂಬುದಕ್ಕೆ ಅಂಕಿ ತುಂಬಬೇಕು. ಅನಿಮೇಟರ್‌ಗಳು ಪಾತ್ರ ಓಡುವುದನ್ನು, ಹೊಡೆಯುವುದನ್ನು, ಆಟಗಾರ ಯಾವ ಗುಂಡಿಯನ್ನೂ ಒತ್ತದಿರುವಾಗ ಅದು ಸುಮ್ಮನೆ ನಿಲ್ಲುವುದನ್ನು ಕೂಡ ಪ್ರತ್ಯೇಕವಾಗಿ ರೂಪಿಸುತ್ತಾರೆ. ಆಮೇಲೆ ಕ್ಯಾಮೆರಾವನ್ನು ಎಷ್ಟು ಎತ್ತರದಲ್ಲಿ, ಎಷ್ಟು ಹತ್ತಿರದಲ್ಲಿ ಇಡಬೇಕೆಂದು ನಿಶ್ಚಯವಾಗುತ್ತದೆ. ಕೊನೆಗೆ ಪ್ರಚಾರದವರು ಡಬ್ಬಿಯ ಮೇಲಿನ ಚಿತ್ರವನ್ನು ಆರಿಸುತ್ತಾರೆ. ಇಷ್ಟು ಮೇಜುಗಳನ್ನು ದಾಟಿ ಬಂದದ್ದರಲ್ಲಿ ಆಕಸ್ಮಿಕ ಎನ್ನುವಂಥದ್ದು ಏನೂ ಇರುವುದಿಲ್ಲ. ಪ್ರತಿಯೊಂದೂ ಯಾರೋ ಎಲ್ಲೋ ಕುಳಿತು ತೆಗೆದುಕೊಂಡ ತೀರ್ಮಾನ. ಗೇಮಿನ ನಾಯಕಿಯರ ಚರಿತ್ರೆ ಎಂದರೆ ಈ ತೀರ್ಮಾನಗಳ ಚರಿತ್ರೆಯೇ.

ಆರಂಭದ ಗೇಮ್‌ಗಳಲ್ಲಿ ಹೆಣ್ಣು ಬಹುಮಾನವಾಗಿದ್ದಳು. ನಿಂಟೆಂಡೊ ಕಂಪನಿಗಾಗಿ ಶಿಗೆರು ಮಿಯಾಮೊಟೊ ರೂಪಿಸಿದ ‘ಡಾಂಕಿ ಕಾಂಗ್’ 1981ರಲ್ಲಿ ಬಂದಾಗ ಅದರಲ್ಲಿ ವಾನರ ಹೊತ್ತೊಯ್ದ ಹುಡುಗಿಯನ್ನು ಬಡಗಿಯೊಬ್ಬ ಬಿಡಿಸಬೇಕಿತ್ತು. ಅವಳಿಗೆ ಕೂಗುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಅದೇ ಬಡಗಿ ಮಾರಿಯೊ ಎಂಬ ಹೆಸರಿನಿಂದ 1985ರಲ್ಲಿ ರಾಜಕುಮಾರಿಯೊಬ್ಬಳನ್ನು ಬಿಡಿಸಲು ಹೊರಟ. ಕಟ್ಟಡದ ತುದಿಯಲ್ಲೋ ಕೋಟೆಯೊಳಗೋ ಹೆಣ್ಣನ್ನು ಕೂರಿಸಿ ಗಂಡನ್ನು ಓಡಿಸುವ ಈ ಕಥೆ ಬರೆಯುವುದು ಸುಲಭ, ಅಗ್ಗ. ಹಾಗಾಗಿಯೇ ಅದು ದಶಕಗಟ್ಟಲೆ ಉಳಿಯಿತು. ಇದರ ನಡುವೆ ಬೇರೆ ದಾರಿಯೂ ಕಂಡಿತ್ತು. ‘ಪ್ಯಾಕ್-ಮ್ಯಾನ್’ ಗೇಮನ್ನು 1980ರಲ್ಲಿ ರೂಪಿಸಿದ ತೋರು ಇವತಾನಿ, ಆರ್ಕೇಡ್‌ಗಳಿಗೆ ಹೆಂಗಸರೂ ಬರಲಿ ಎಂಬ ಉದ್ದೇಶದಿಂದಲೇ ತಿನ್ನುವ ಆಟವನ್ನು ಆರಿಸಿಕೊಂಡವರು. ಅಮೆರಿಕದಲ್ಲಿ 1982ರಲ್ಲಿ ಬಂದ ‘ಮಿಸ್ ಪ್ಯಾಕ್-ಮ್ಯಾನ್’ನಲ್ಲಿ ಆಡುವ ಪಾತ್ರವೇ ಹೆಣ್ಣಾಯಿತು. ಹಳದಿ ಬಿಲ್ಲೆಗೆ ರಿಬ್ಬನ್, ಲಿಪ್‌ಸ್ಟಿಕ್, ಕೆನ್ನೆಯ ಮೇಲೊಂದು ಮಚ್ಚೆ ಅಂಟಿಸಿದ್ದರು ಎಂಬುದು ನಿಜ. ಆದರೂ ಅವಳು ಯಾರ ಬಹುಮಾನವೂ ಆಗಿರಲಿಲ್ಲ.

ಅದೇ 1982ರಲ್ಲಿ ಮಿಸ್ಟಿಕ್ ಎಂಬ ಕಂಪನಿ ಅಟಾರಿ 2600 ಯಂತ್ರಕ್ಕಾಗಿ ‘ಕಸ್ಟರ್ಸ್ ರಿವೆಂಜ್’ ಎಂಬ ಗೇಮನ್ನು ಮಾರಿತು. ಕಂಬಕ್ಕೆ ಕಟ್ಟಿದ ಅಮೆರಿಕನ್ ಮೂಲನಿವಾಸಿ ಹೆಣ್ಣನ್ನು ಬತ್ತಲೆ ಸೈನಿಕನೊಬ್ಬ ಬಾಣಗಳ ಮಳೆ ದಾಟಿ ಹೋಗಿ ಅತ್ಯಾಚಾರ ಮಾಡುವುದೇ ಅದರ ಆಟ. ಮಹಿಳಾ ಸಂಘಟನೆಗಳೂ ಮೂಲನಿವಾಸಿಗಳ ಸಂಘಟನೆಗಳೂ ನ್ಯೂಯಾರ್ಕ್‌ನಲ್ಲಿ ಬೀದಿಗಿಳಿದು ಪ್ರತಿಭಟಿಸಿದವು. ಗೇಮಿನ ಚಿತ್ರ ನಾಲ್ಕು ಬಣ್ಣದ ಚೌಕಗಳಷ್ಟು ಒರಟಾಗಿತ್ತು. ಚಿತ್ರ ಸ್ಪಷ್ಟವಿಲ್ಲ ಎಂಬ ಕಾರಣಕ್ಕೆ ಅದರ ಆಶಯವೇನೂ ಕಡಿಮೆ ಕ್ರೂರವಾಗಲಿಲ್ಲ. ತಂತ್ರಜ್ಞಾನ ಬೆಳೆದದ್ದರಿಂದ ಇಂಥ ಚಿತ್ರಣ ಹುಟ್ಟಿತು ಎಂಬ ವಾದವನ್ನು ಅಲ್ಲಗಳೆಯಲು ಈ ಒಂದು ಉದಾಹರಣೆ ಸಾಕು: ತಂತ್ರಜ್ಞಾನ ಬರುವ ಮೊದಲೇ ಆಶಯ ಬಂದು ಕೂತಿತ್ತು.

ಜಪಾನಿನಲ್ಲಿ 1986ರಲ್ಲಿ ಬಿಡುಗಡೆಯಾದ ‘ಮೆಟ್ರಾಯ್ಡ್’ ಇದಕ್ಕಿಂತ ಸೂಕ್ಷ್ಮವಾದ ಪ್ರಕರಣ. ಅಂತರಿಕ್ಷದ ಬೇಟೆಗಾರ ಸಾಮಸ್ ಅರಾನ್ ಇಡೀ ಆಟದಲ್ಲಿ ದಪ್ಪ ಕವಚದೊಳಗೆ ಇರುತ್ತಾನೆ. ‘ಇರುತ್ತಾನೆ’ ಎಂದೇ ಆಟಗಾರರು ನಂಬಿದ್ದರು. ಗೇಮ್ ಜೊತೆ ಕೊಟ್ಟ ಕೈಪಿಡಿಯೂ ಗಂಡೆಂದೇ ಕರೆದಿತ್ತು. ಕೊನೆಯಲ್ಲಿ ಕವಚ ಕಳಚಿದಾಗ ಒಳಗಿದ್ದದ್ದು ಹೆಣ್ಣು. ಆ ಕಾಲದ ಹುಡುಗರು ಗಂಟೆಗಟ್ಟಲೆ ತಮ್ಮ ಶೌರ್ಯ ಎಂದುಕೊಂಡದ್ದು ಹೆಣ್ಣೊಬ್ಬಳ ಶೌರ್ಯವಾಗಿತ್ತು. ಗೇಮ್‌ಗಳ ಚರಿತ್ರೆಯಲ್ಲಿ ಅದೊಂದು ದೊಡ್ಡ ಗಳಿಗೆ. ಆದರೆ ಕವಚ ಎಷ್ಟು ಕಳಚುತ್ತದೆ ಎಂಬುದು ಆಟ ಮುಗಿಸಿದ ವೇಗದ ಮೇಲೆ ನಿಂತಿತ್ತು. ಐದು ಗಂಟೆಯೊಳಗೆ ಮುಗಿಸಿದರೆ ಶಿರಸ್ತ್ರಾಣ ಹೋಗುತ್ತಿತ್ತು, ಮೂರು ಗಂಟೆಯೊಳಗಾದರೆ ಇಡೀ ಕವಚ ಹೋಗಿ ಮೈಗಂಟಿದ ಉಡುಗೆ ಉಳಿಯುತ್ತಿತ್ತು, ಒಂದು ಗಂಟೆಯೊಳಗಾದರೆ ಬಿಕಿನಿ. ಹೀಗೆ ಒಂದೇ ಗೇಮ್ ಗೇಮ್‌ಲೋಕದ ಮೊದಲ ಸಾಲಿನ ವೀರನಾರಿಯನ್ನು ಕೊಟ್ಟು, ಅದೇ ಉಸಿರಿನಲ್ಲಿ ಅವಳನ್ನು ಜಾಣ ಆಟಗಾರನಿಗೆ ಬಹುಮಾನವಾಗಿಯೂ ಕೊಟ್ಟಿತು. ಮುಂದಿನ ಹಲವು ನಾಯಕಿಯರ ಕಥೆ ಇದೇ ಜಾಡಿನಲ್ಲಿ ನಡೆದಿದೆ.

ಗೇಮ್ ಎಂದರೆ ಹುಡುಗರ ಸ್ವತ್ತು ಎಂಬ ಭಾವನೆಗೆ ವ್ಯಾಪಾರದ ಕಾರಣವೊಂದಿದೆ. ಅಮೆರಿಕದ ಗೇಮ್ ಮಾರುಕಟ್ಟೆ 1983ರಲ್ಲಿ ಕುಸಿದು ಬಿತ್ತು. ಅಂಗಡಿಯವರು ವಿಡಿಯೊ ಗೇಮ್ ಎಂದರೆ ಬಾಗಿಲು ಹಾಕುತ್ತಿದ್ದ ಆ ದಿನಗಳಲ್ಲಿ, 1985ರಲ್ಲಿ, ನಿಂಟೆಂಡೊ ತನ್ನ ಯಂತ್ರವನ್ನು ಆಟಿಕೆಯಾಗಿ, ಪುಟ್ಟ ರೋಬಾಟ್ ಒಂದನ್ನು ಜೊತೆಗಿಟ್ಟು ತಂದಿತು. ಅಮೆರಿಕದ ಆಟಿಕೆ ಅಂಗಡಿಯಲ್ಲಿ ಹುಡುಗರ ಸಾಲು ಬೇರೆ, ಹುಡುಗಿಯರ ಸಾಲು ಬೇರೆ. ಗೇಮ್ ಹುಡುಗರ ಸಾಲಿಗೆ ಹೋಯಿತು. ಜಾಹೀರಾತುಗಳೂ ಪತ್ರಿಕೆಗಳೂ ಅದನ್ನೇ ಹಿಡಿದವು. ಹತ್ತು ವರ್ಷದಲ್ಲಿ ಆ ಹುಡುಗರು ಹದಿಹರೆಯಕ್ಕೆ ಬಂದಾಗ, ಅವರ ಹಣವೂ ಅವರ ಕುತೂಹಲವೂ ಕಂಪನಿಗಳ ಲೆಕ್ಕಕ್ಕೆ ಬಂದವು.

ಹೊಡೆದಾಟದ ಗೇಮ್‌ಗಳಲ್ಲಿ ಆ ಲೆಕ್ಕ ನೇರವಾಗಿ ಕಾಣುತ್ತದೆ. ಕ್ಯಾಪ್‌ಕಾಮ್‌ನ ‘ಸ್ಟ್ರೀಟ್ ಫೈಟರ್ 2’ (1991) ಚುನ್-ಲಿ ಎಂಬ ಹೋರಾಟಗಾರ್ತಿಯನ್ನು ತಂದಿತು. ಗಟ್ಟಿಮುಟ್ಟಾದ ತೊಡೆ, ಮಿಂಚಿನಂಥ ಒದೆತ, ತಂದೆಯ ಸಾವಿಗೆ ಸೇಡು ತೀರಿಸಿಕೊಳ್ಳುವ ಛಲ; ಗಂಡು ಹೋರಾಟಗಾರರಿಗೆ ಸಮವಾಗಿ ನಿಂತ ಪಾತ್ರ ಅದು. ಮರುವರ್ಷ ಎಸ್‌ಎನ್‌ಕೆ ಕಂಪನಿಯ ‘ಫೇಟಲ್ ಫ್ಯೂರಿ 2’ ಮಾಯ್ ಶಿರನುಯಿ ಎಂಬವಳನ್ನು ತಂದಿತು. ಅವಳು ಸುಮ್ಮನೆ ನಿಂತಿರುವಾಗಲೂ ಎದೆ ಮೇಲೆ ಕೆಳಗೆ ಕುಲುಕುತ್ತಿತ್ತು. ಆ ಕಾಲದಲ್ಲಿ ಇಂಥ ಚಲನೆಯ ಒಂದೊಂದು ಫ್ರೇಮನ್ನೂ ಕೈಯಿಂದ ಬರೆಯಬೇಕಿತ್ತು. ಕಾರ್ಟ್ರಿಜ್‌ನ ಮೆಮೊರಿ ದುಬಾರಿ, ಒಂದು ಫ್ರೇಮ್ ಸೇರಿಸಿದರೆ ಇನ್ನೆಲ್ಲೋ ಒಂದನ್ನು ಬಿಡಬೇಕು. ಅಷ್ಟು ಬಿಗಿಯಲ್ಲೂ ಇದಕ್ಕೆ ಜಾಗ ಸಿಕ್ಕಿತು. ಇದರ ಪಕ್ಕದಲ್ಲಿ 2014ರ ಒಂದು ಘಟನೆಯನ್ನು ಇಟ್ಟು ನೋಡಬೇಕು. ಆ ವರ್ಷ ಯೂಬಿಸಾಫ್ಟ್ ಕಂಪನಿ ತನ್ನ ‘ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ’ಯ ಸಹಕಾರಿ ಆಟದಲ್ಲಿ ಹೆಣ್ಣುಪಾತ್ರ ಏಕಿಲ್ಲ ಎಂಬ ಪ್ರಶ್ನೆಗೆ, ಅನಿಮೇಷನ್ ಮತ್ತು ಉಡುಗೆಯ ಕೆಲಸ ದುಪ್ಪಟ್ಟಾಗುತ್ತದೆ ಎಂದು ಉತ್ತರಿಸಿತು. ಅದೇ ಸರಣಿಯಲ್ಲಿ ಹಿಂದೆ ದುಡಿದಿದ್ದ ಅನಿಮೇಟರ್ ಜಾನಥನ್ ಕೂಪರ್, ಅದು ಒಂದೆರಡು ದಿನದ ಕೆಲಸ ಎಂದು ಬಹಿರಂಗವಾಗಿ ತಿರುಗಿ ಹೇಳಿದರು. ಹೆಣ್ಣಿನ ಎದೆ ಕುಲುಕಿಸಲು 1992ರಲ್ಲಿ ಸಿಕ್ಕ ಅವಕಾಶ, ಹೆಣ್ಣನ್ನು ಓಡಿಸಲು 2014ರಲ್ಲಿ ಸಿಗಲಿಲ್ಲ. ಕೊರತೆ ಯಂತ್ರದ್ದಲ್ಲ.

ಈ ಎಲ್ಲ ಎಳೆಗಳೂ ಗಂಟಾಗುವುದು ಲಾರಾ ಕ್ರಾಫ್ಟ್‌ಳಲ್ಲಿ. ಇಂಗ್ಲೆಂಡಿನ ಡರ್ಬಿ ನಗರದ ಕೋರ್ ಡಿಸೈನ್ ಎಂಬ ಸ್ಟುಡಿಯೊದಲ್ಲಿ ಟೋಬಿ ಗಾರ್ಡ್ ಎಂಬ ಯುವ ಕಲಾವಿದ ಪುರಾತನ ಗೋರಿಗಳನ್ನು ಶೋಧಿಸುವ ಸಾಹಸದ ಗೇಮ್ ಒಂದನ್ನು ಯೋಚಿಸಿದರು. ಮೊದಲು ಬರೆದ ನಾಯಕ ಗಂಡು. ಟೋಪಿ, ಚಾವಟಿ ಹಿಡಿದ ಅವನು ಹಾಲಿವುಡ್ ಸಿನಿಮಾಗಳ ನಾಯಕ ಇಂಡಿಯಾನಾ ಜೋನ್ಸ್‌ನ ಪ್ರತಿಯಂತಿದ್ದ. ಆ ಜಾಗಕ್ಕೆ ಗಾರ್ಡ್ ಹೆಣ್ಣನ್ನು ತಂದರು. ಲಾರಾ ಕ್ರೂಜ್ ಎಂಬ ದಕ್ಷಿಣ ಅಮೆರಿಕದ ಯುವತಿಯಾಗಿ ಹುಟ್ಟಿದ ಪಾತ್ರ, ಕೊನೆಗೆ ಇಂಗ್ಲಿಷ್ ಸಿರಿವಂತ ಮನೆತನದ ಲಾರಾ ಕ್ರಾಫ್ಟ್ ಆಯಿತು. ಆ ಪುಟ್ಟ ತಂಡದಲ್ಲಿ ಚಿತ್ರಕಥೆ ಬರೆದ ವಿಕಿ ಆರ್ನಾಲ್ಡ್, ಆಟದ ಹಂತಗಳನ್ನು ರೂಪಿಸಿದ ಹೆದರ್ ಗಿಬ್ಸನ್ ಇಬ್ಬರೂ ಹೆಣ್ಣುಮಕ್ಕಳು ಎಂಬುದು ಸಾಮಾನ್ಯವಾಗಿ ಮರೆತುಹೋಗುವ ವಿಷಯ. ಐಡೋಸ್ ಕಂಪನಿ 1996ರ ಕೊನೆಯಲ್ಲಿ ‘ಟೂಮ್ ರೇಡರ್’ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟಿತು.

ಆ ಗೇಮಿನೊಳಗಿನ ಲಾರಾಳನ್ನು ನೋಡಿದರೆ ಎರಡು ಸತ್ಯಗಳು ಒಟ್ಟಿಗೆ ಕಾಣುತ್ತವೆ. ಪೆರುವಿನ ಗುಹೆಗಳಲ್ಲಿ, ಗ್ರೀಸಿನ ಪಾಳುಗುಡಿಗಳಲ್ಲಿ, ಈಜಿಪ್ಟಿನ ಗೋರಿಗಳಲ್ಲಿ ಅವಳು ಒಬ್ಬಳೇ. ತೋಳ ಬಂದರೂ ಡೈನೊಸಾರ್ ಬಂದರೂ ಬಿಡಿಸಲು ಯಾವ ಗಂಡೂ ಬರುವುದಿಲ್ಲ. ಬರಬೇಕೆಂದು ಅವಳು ಕಾಯುವುದೂ ಇಲ್ಲ. ಅವಳ ಕೆಲಸ ಹತ್ತುವುದು, ನೆಗೆಯುವುದು, ಒಗಟು ಬಿಡಿಸುವುದು. ಇಡೀ ಆಟದಲ್ಲಿ ಪ್ರೇಮಕಥೆ ಎಂಬುದಿಲ್ಲ. ಅವಳನ್ನು ಆಡಿದ ಅನೇಕ ಹುಡುಗಿಯರಿಗೆ ಗೇಮಿನಲ್ಲಿ ತಮ್ಮ ಕಡೆಯವಳೊಬ್ಬಳು ಸಿಕ್ಕಿದ್ದು ಅದೇ ಮೊದಲು. ಹಾಗೆಯೇ ಅವಳ ಮೈ ಯಾವ ಗುಡ್ಡ ಹತ್ತುವವಳ ಮೈಯೂ ಅಲ್ಲ. ಪಾಲಿಗನ್‌ಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಜಡೆಗೂ ಜಾಗ ಸಾಲದೆ ಮೊದಲ ಗೇಮಿನ ಆಟದ ಭಾಗದಲ್ಲಿ ಅದನ್ನು ಕೈಬಿಟ್ಟಿದ್ದರು. ಇಳಿಬಿದ್ದ ಜಡೆ ಬಂದದ್ದು 1997ರ ಎರಡನೆಯ ಗೇಮಿನಲ್ಲಿ. ಎದೆಯ ಎರಡು ಚೂಪು ಗೋಪುರಗಳಿಗೆ ಮಾತ್ರ ಮೊದಲ ದಿನದಿಂದಲೇ ಜಾಗವಿತ್ತು. ಕ್ಯಾಮೆರಾ ಸದಾ ಅವಳ ಬೆನ್ನ ಹಿಂದೆ. ಮುಂದಿನ ದಾರಿ ನೋಡಲು ಅದು ಅನುಕೂಲ. ಆದರೆ ಹಗಲಿಡೀ ನೋಡುವುದು ಅವಳ ಹಿಂಭಾಗವನ್ನೇ.

ಗೇಮಿನಲ್ಲಿದ್ದ ಈ ತೂಗುಯ್ಯಾಲೆಯನ್ನು ಪ್ರಚಾರ ಒಂದೇ ಕಡೆಗೆ ಎಳೆಯಿತು. ಪತ್ರಿಕೆಗಳಿಗೆಂದು ಈಜುಡುಗೆಯ, ಅರೆಬತ್ತಲೆಯ ಲಾರಾ ಚಿತ್ರಗಳು ತಯಾರಾದವು. ಗೇಮಿನಲ್ಲಿ ಇಲ್ಲದ ಭಂಗಿಗಳು ಅಲ್ಲಿ ಹುಟ್ಟಿಕೊಂಡವು. ಬ್ರಿಟನ್ನಿನ ‘ದಿ ಫೇಸ್’ ಪತ್ರಿಕೆ 1997ರಲ್ಲಿ ಅವಳನ್ನು ಮುಖಪುಟಕ್ಕೆ ಹಾಕಿತು, ಲೂಕೊಜೇಡ್ ಪಾನೀಯದ ಜಾಹೀರಾತಿಗೆ ಅವಳು ಬಂದಳು, ಅವಳಂತೆ ವೇಷ ತೊಟ್ಟ ರೂಪದರ್ಶಿಗಳು ಮೇಳದಿಂದ ಮೇಳಕ್ಕೆ ಓಡಾಡಿದರು. ತನ್ನ ಪಾತ್ರವನ್ನು ಮಾರುತ್ತಿರುವ ರೀತಿ ಒಪ್ಪದೆ ಟೋಬಿ ಗಾರ್ಡ್ 1997ರಲ್ಲಿ ಕೋರ್ ಡಿಸೈನ್ ಬಿಟ್ಟು ಹೊರಟರು. ಗೇಮಿನ ಮುಖ್ಯ ಪ್ರೋಗ್ರಾಮರ್ ಪಾಲ್ ಡಗ್ಲಸ್ ಅವರೂ ಜೊತೆಗೆ ಹೋದರು. ಅಭಿಮಾನಿಗಳಲ್ಲಿ ಕೆಲವರು ಲಾರಾಳ ಬಟ್ಟೆ ತೆಗೆಯುವ ಪ್ಯಾಚ್ ಬರೆದು ಹಂಚಿದಾಗ ಐಡೋಸ್ ವಕೀಲರ ಮೂಲಕ ನೋಟಿಸ್ ಕಳುಹಿಸಿತು. ಬಟ್ಟೆ ಎಲ್ಲಿಯವರೆಗೆ ಜಾರಬಹುದು ಎಂಬ ಗೆರೆಯನ್ನು ತಾನೇ ಎಳೆಯಬೇಕು ಎಂಬುದಷ್ಟೇ ಕಂಪನಿಯ ಹಟವಾಗಿತ್ತು.

ಎರಡನೆಯ ಗೇಮಿನ ಕೊನೆಯ ದೃಶ್ಯವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಶತ್ರುಗಳೆಲ್ಲ ಮುಗಿದ ಮೇಲೆ ಲಾರಾ ತನ್ನ ಮನೆಯ ಸ್ನಾನದ ಕೋಣೆಗೆ ಹೋಗುತ್ತಾಳೆ. ಮೇಲಂಗಿಯ ದಾರಕ್ಕೆ ಕೈ ಹಾಕುತ್ತಾಳೆ. ಕ್ಯಾಮೆರಾ ಕಾಯುತ್ತದೆ. ಆಗ ಅವಳು ತಿರುಗಿ ನೇರವಾಗಿ ಆಟಗಾರನನ್ನೇ ನೋಡಿ, ನೋಡಿದ್ದು ಸಾಲದೇ ಎಂಬರ್ಥದ ಮಾತು ಆಡಿ, ಬಂದೂಕು ಎತ್ತಿ ಗುಂಡು ಹಾರಿಸುತ್ತಾಳೆ, ಪರದೆ ಕತ್ತಲಾಗುತ್ತದೆ. ನೋಡುವವನಿಗೆ ಪಾತ್ರ ಕೊಟ್ಟ ಪೆಟ್ಟು ಎಂದು ಇದನ್ನು ಮೆಚ್ಚಿದವರಿದ್ದಾರೆ. ಆದರೆ ಆ ಪೆಟ್ಟಿಗೆ ಕಾರಣವಾದ ಆಸೆಯನ್ನು ದೃಶ್ಯವೇ ಹಂತಹಂತವಾಗಿ ಕೆರಳಿಸಿರುತ್ತದೆ. ಆಟಗಾರನ ನೋಟ ಎಂಥದ್ದು ಎಂದು ಅದನ್ನು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹೆಲೆನ್ ಕೆನಡಿ 2002ರಲ್ಲಿ ‘ಗೇಮ್ ಸ್ಟಡೀಸ್’ ಪತ್ರಿಕೆಯಲ್ಲಿ ಬರೆದ ಲೇಖನ ಲಾರಾ ಸ್ತ್ರೀವಾದದ ಪ್ರತಿಮೆಯೋ ಗಂಡಸರ ಬೊಂಬೆಯೋ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡಿತು. ಎರಡರಲ್ಲಿ ಒಂದನ್ನು ಸುಲಭವಾಗಿ ಆರಿಸಿಕೊಳ್ಳಲಿಲ್ಲ. ಅದೇ ಸರಿಯಾದ ದಾರಿ.

ಸರಣಿ ಮುಂದೆ ಕ್ಯಾಲಿಫೋರ್ನಿಯಾದ ಕ್ರಿಸ್ಟಲ್ ಡೈನಮಿಕ್ಸ್ ಕೈಗೆ ಹೋಯಿತು. ಆ ಸ್ಟುಡಿಯೊ 2013ರಲ್ಲಿ ಲಾರಾಳ ಕಥೆಯನ್ನು ಮತ್ತೆ ಮೊದಲಿನಿಂದ ಆರಂಭಿಸಿತು. ಮುಖ್ಯ ಲೇಖಕಿ ರಿಯಾನಾ ಪ್ರಾಟ್ಚೆಟ್. ಇಪ್ಪತ್ತೊಂದರ ಹುಡುಗಿ, ಮಾನವಸಹಜ ಮೈ, ಕೆಸರು ಮೆತ್ತಿದ ಉದ್ದ ಪ್ಯಾಂಟು, ಭಯ, ಸ್ನೇಹ, ಹಸಿವು ಎಲ್ಲ ಇರುವ ಪಾತ್ರ. ಬದಲಾವಣೆ ನಿಜವಾದದ್ದು. ಆದರೂ ಬಿಡುಗಡೆಗೆ ಮುನ್ನ, 2012ರಲ್ಲಿ, ಗೇಮಿನ ನಿರ್ಮಾಪಕರೊಬ್ಬರು ಆಟಗಾರರಿಗೆ ಅವಳನ್ನು ಕಾಪಾಡಬೇಕು ಎನ್ನಿಸುತ್ತದೆ ಎಂದು ಹೇಳಿದಾಗ ದೊಡ್ಡ ಗದ್ದಲವಾಯಿತು. ಹದಿನಾರು ವರ್ಷ ಯಾರ ರಕ್ಷಣೆಯೂ ಬೇಡವಾಗಿದ್ದವಳಿಗೆ ಈಗ ಆಟಗಾರನೇ ರಕ್ಷಕ. ಅದಲ್ಲದೆ ತಪ್ಪಿ ಬಿದ್ದಾಗ ಅವಳ ಕುತ್ತಿಗೆಗೆ ಕೊಂಬೆ ಚುಚ್ಚಿಕೊಳ್ಳುವುದನ್ನು, ಅವಳು ನರಳುವುದನ್ನು ಕ್ಯಾಮೆರಾ ಬಿಡದೆ ತೋರಿಸುತ್ತದೆ. ಬಟ್ಟೆ ಉದ್ದವಾಯಿತು, ಹೆಣ್ಣಿನ ಮೈಯನ್ನು ದಿಟ್ಟಿಸುವ ಚಾಳಿ ಸುಖದಿಂದ ನೋವಿಗೆ ಸರಿಯಿತು. ಬಟ್ಟೆಯ ಅಳತೆಯಿಂದ ಈ ವಿಷಯವನ್ನು ತೀರ್ಮಾನಿಸುವವರು ಇದನ್ನು ಗಮನಿಸುವುದೇ ಇಲ್ಲ.

ಲಾರಾ ಕಾಲದ ಇತರ ಗೇಮ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಟೆಕ್ಮೊ ಕಂಪನಿಯ ‘ಡೆಡ್ ಆರ್ ಅಲೈವ್’ (1996) ಹೊಡೆದಾಟದ ಗೇಮಾಗಿ ಆರಂಭವಾಗಿ, 2003ರಲ್ಲಿ ಅದೇ ಹುಡುಗಿಯರನ್ನು ಕಡಲತೀರದಲ್ಲಿ ವಾಲಿಬಾಲ್ ಆಡಿಸುವ, ಬಿಕಿನಿ ಕೊಂಡು ಉಡುಗೊರೆ ಕೊಡುವ ಗೇಮಾಗಿ ಕವಲೊಡೆಯಿತು. ಎದೆಯ ಚಲನೆಯ ಲೆಕ್ಕಾಚಾರವೇ ಅದರ ಹೆಗ್ಗಳಿಕೆಯಾಗಿತ್ತು.

ಒಂದೆರಡು ಗೇಮ್ ನೋಡಿ ಎಲ್ಲವನ್ನೂ ಹಳಿಯುವುದು ನ್ಯಾಯವಲ್ಲ ಎಂಬ ಆಕ್ಷೇಪಕ್ಕೆ ಎಣಿಕೆಯ ಅಧ್ಯಯನಗಳು ಉತ್ತರ ಕೊಡುತ್ತವೆ. ಟ್ರೇಸಿ ಡೀಟ್ಜ್ 1998ರಲ್ಲಿ ನಿಂಟೆಂಡೊ ಮತ್ತು ಸೆಗಾ ಯಂತ್ರಗಳ 33 ಜನಪ್ರಿಯ ಗೇಮ್‌ಗಳನ್ನು ಪರಿಶೀಲಿಸಿದರು. ಪಾತ್ರಗಳಿರುವ ಗೇಮ್‌ಗಳಲ್ಲಿ ಶೇ 41ರಲ್ಲಿ ಹೆಣ್ಣೇ ಇರಲಿಲ್ಲ; ಶೇ 28ರಲ್ಲಿ ಹೆಣ್ಣು ಭೋಗವಸ್ತುವಾಗಿ ಕಂಡಿದ್ದಳು. ಟೆರೇಸಾ ಲಿಂಚ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ದೊಡ್ಡದು: 1983ರಿಂದ 2014ರವರೆಗೆ ಬಂದ, ಹೆಣ್ಣುಪಾತ್ರವಾಗಿ ಆಡಬಹುದಾದ 571 ಗೇಮ್‌ಗಳು. ಇಂಥ ಚಿತ್ರಣ 1990ರ ದಶಕದಲ್ಲಿ ತುದಿ ಮುಟ್ಟಿ ಆಮೇಲೆ ಇಳಿದಿದೆ ಎಂದು ಅವರು ಕಂಡುಕೊಂಡರು. ಹೊಡೆದಾಟದ ಗೇಮ್‌ಗಳಲ್ಲಿ ಅದು ಹೆಚ್ಚು; ಮುಖ್ಯ ಪಾತ್ರಗಳಿಗಿಂತ ಎರಡನೇ ಸಾಲಿನ ಪಾತ್ರಗಳಲ್ಲಿ ಹೆಚ್ಚು. ಎಲ್ಲಕ್ಕಿಂತ ಯೋಚಿಸಬೇಕಾದದ್ದು ಇನ್ನೊಂದು: ಹದಿಹರೆಯದವರಿಗೆಂದು ಗುರುತು ಹಾಕಿದ ಗೇಮ್‌ಗಳಿಗೂ ವಯಸ್ಕರ ಗೇಮ್‌ಗಳಿಗೂ ಈ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಸೆನೆಟ್ 1993ರ ಡಿಸೆಂಬರಿನಲ್ಲಿ ನಡೆಸಿದ ವಿಚಾರಣೆಯ ಒತ್ತಡದಿಂದ ಮರುವರ್ಷ ಹುಟ್ಟಿದ ವಯಸ್ಸಿನ ಗುರುತಿನ ಪದ್ಧತಿ ರಕ್ತವನ್ನೂ ನಗ್ನತೆಯನ್ನೂ ಅಳೆಯುತ್ತದೆ. ಬಟ್ಟೆ ತೊಡಿಸಿಯೇ ಹೆಣ್ಣನ್ನು ವಸ್ತುವಾಗಿಸಿದರೆ ಅದರ ಜರಡಿಯಲ್ಲಿ ಹೆಚ್ಚೇನೂ ಸಿಕ್ಕಿಕೊಳ್ಳುವುದಿಲ್ಲ.

ಗಂಡು ಪಾತ್ರಗಳಿಗೂ ಅಸಹಜವಾದ ಮೈಯಿದೆಯಲ್ಲ, ಅವರೂ ಬರಿಮೈಯಲ್ಲಿ ಇರುತ್ತಾರಲ್ಲ ಎಂಬ ವಾದ ಪದೇ ಪದೇ ಬರುತ್ತದೆ. ‘ಗಾಡ್ ಆಫ್ ವಾರ್’ ಗೇಮಿನ ನಾಯಕ ಕ್ರೇಟೋಸ್ ಸೊಂಟದ ಮೇಲೆ ಬಟ್ಟೆಯಿಲ್ಲದವನು ಎಂಬುದು ನಿಜ. ಅವನ ಉಬ್ಬಿದ ರಟ್ಟೆಗಳು ಆಟಗಾರನಿಗೆ ‘ನಾನು ಹೀಗಿರಬೇಕು’ ಎನ್ನಿಸಲು ಇವೆ. ಕ್ಯಾಮೆರಾ ಅವನ ಸೊಂಟದ ಸುತ್ತ ಸುಳಿಯುವುದಿಲ್ಲ. ಪೆಟ್ಟು ಬಿದ್ದಾಗ ಅವನು ಮೋಹಕವಾಗಿ ನರಳುವುದಿಲ್ಲ. ಹೊಡೆದಾಡಿ ಹಣ್ಣಾದ ಮೈ, ಗಾಯದ ಗುರುತು, ವಯಸ್ಸು, ಗಡ್ಡ ಎಲ್ಲಕ್ಕೂ ಗಂಡು ನಾಯಕನಲ್ಲಿ ಅವಕಾಶವಿದೆ. ಗಂಡು ಪಾತ್ರಗಳು ಮುದುಕರಾಗಬಹುದು, ದಡೂತಿಯಾಗಬಹುದು, ಕುರೂಪಿಯೂ ಆಗಬಹುದು. ಹೆಣ್ಣಿಗೆ ಬಹುಕಾಲ ಇದ್ದದ್ದು ಒಂದೇ ಅಚ್ಚು. ಉತ್ಪ್ರೇಕ್ಷೆ ಎರಡೂ ಕಡೆ ಇದೆ. ಎರಡೂ ಒಬ್ಬನೇ ಆಟಗಾರನ ಆಸೆಗೆ ದುಡಿಯುತ್ತವೆ.

ತೀರ್ಪು ಸುಲಭವಲ್ಲದ ಪ್ರಕರಣಗಳೂ ಉಂಟು. ಪ್ಲಾಟಿನಮ್ ಗೇಮ್ಸ್‌ನ ‘ಬಯೊನೆಟ್ಟಾ’ (2009) ತನ್ನ ನಾಯಕಿಯ ಕೂದಲನ್ನೇ ಉಡುಗೆಯಾಗಿಸಿತು. ದೊಡ್ಡ ಮಾಟಕ್ಕೆ ಕೂದಲು ಖರ್ಚಾದಾಗ ಮೈ ಬರಿದಾಗುತ್ತದೆ. ನಿರ್ದೇಶಕ ಹಿಡೆಕಿ ಕಾಮಿಯಾ ಗಂಡಸು, ಪಾತ್ರದ ರೂಪ ಬರೆದ ಮಾರಿ ಶಿಮಾಜಾಕಿ ಹೆಂಗಸು. ಈ ನಾಯಕಿ ತನ್ನ ಚೆಲುವನ್ನು ತಾನೇ ಆಳುತ್ತಾಳೆ, ದೇವದೂತರನ್ನೂ ಕೆಣಕುತ್ತಾಳೆ, ಯಾರಿಗೂ ಅಂಜುವುದಿಲ್ಲ ಎಂದು ಹೆಣ್ಣು ವಿಮರ್ಶಕರಲ್ಲೇ ಅನೇಕರು ಮೆಚ್ಚಿದರು. ಇನ್ನೂ ಅನೇಕರು ಒಪ್ಪಲಿಲ್ಲ. ಹಿಡಿಯೊ ಕೊಜಿಮಾ ಅವರ ‘ಮೆಟಲ್ ಗೇರ್ ಸಾಲಿಡ್ 5’ರ (2015) ಕ್ವಾಯೆಟ್ ವಿಷಯದಲ್ಲಿ ಅಷ್ಟು ಗೊಂದಲವಿಲ್ಲ. ಅವಳು ಬಂದೂಕುಧಾರಿ ಸೈನಿಕಳು, ಇರುವುದು ಅಫ್ಘಾನಿಸ್ತಾನದ ಯುದ್ಧಭೂಮಿ, ತೊಟ್ಟಿರುವುದು ಬಿಕಿನಿ ಮತ್ತು ಹರಿದ ಕಾಲುಚೀಲ. ಚರ್ಮದಿಂದಲೇ ಉಸಿರಾಡುವ ಕಾರಣ ಬಟ್ಟೆ ತೊಡಲಾರಳು ಎಂದು ಕಥೆ ಹೇಳುತ್ತದೆ. ಆ ಕಾರಣವನ್ನು ಕಟ್ಟಿದವರೂ ಬಟ್ಟೆಯನ್ನು ಬಿಡಿಸಿದವರೂ ಒಂದೇ ತಂಡದವರು. ಮಳೆಯಲ್ಲಿ ಅವಳನ್ನು ನೆನೆಸಿ ಕುಣಿಸುವ ದೃಶ್ಯಕ್ಕೆ ಆ ಕಾರಣವೂ ಸಾಕಾಗುವುದಿಲ್ಲ.

ಇಂಥದ್ದನ್ನೆಲ್ಲ ಗಟ್ಟಿಯಾಗಿ ಹೇಳಿದವರು ತೆತ್ತ ಬೆಲೆ ದೊಡ್ಡದು. ಅನಿತಾ ಸರ್ಕೀಸಿಯನ್ ಎಂಬ ವಿಮರ್ಶಕಿ 2012ರಲ್ಲಿ ಗೇಮ್‌ಗಳಲ್ಲಿ ಹೆಣ್ಣಿನ ಚಿತ್ರಣದ ಬಗ್ಗೆ ವಿಡಿಯೊ ಸರಣಿ ಮಾಡಲು ಸಾರ್ವಜನಿಕರಿಂದ 6,000 ಡಾಲರ್ ಕೇಳಿದರು. ಬೈಗುಳ, ಬೆದರಿಕೆ, ಅವರ ಮುಖಕ್ಕೆ ಗುದ್ದುವ ಗೇಮ್ ಕೂಡ ಬಂತು. ಅವರ ಬೆಂಬಲಕ್ಕೆ ನಿಂತವರಿಂದ ಒಂದೂವರೆ ಲಕ್ಷ ಡಾಲರ್‌ಗಿಂತ ಹೆಚ್ಚು ಹಣವೂ ಬಂತು. ಗೇಮರ್‌ಗೇಟ್ ಹೆಸರಿನ ಆನ್‌ಲೈನ್ ದಾಳಿ ಕಾವೇರಿದ್ದ 2014ರ ಅಕ್ಟೋಬರಿನಲ್ಲಿ, ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರ ಉಪನ್ಯಾಸ ನಡೆದರೆ ಹತ್ಯಾಕಾಂಡ ಮಾಡುವುದಾಗಿ ಬೆದರಿಕೆ ಬಂತು. ಸಭಾಂಗಣಕ್ಕೆ ಬಂದೂಕು ತರುವುದನ್ನು ಆ ರಾಜ್ಯದ ಕಾನೂನಿನಡಿ ತಡೆಯಲಾಗದು ಎಂದಾಗ ಅವರು ಉಪನ್ಯಾಸವನ್ನು ರದ್ದು ಮಾಡಬೇಕಾಯಿತು. ಕಾಲ್ಪನಿಕ ಪಾತ್ರಗಳ ಉಡುಗೆಯ ಬಗ್ಗೆ ಮಾತಾಡಿದ್ದಕ್ಕೆ ಜೀವಂತ ಹೆಣ್ಣೊಬ್ಬಳಿಗೆ ಸಾವಿನ ಬೆದರಿಕೆ.

ಪರದೆಯ ಮೇಲಿನದ್ದಕ್ಕೂ ಸ್ಟುಡಿಯೊದೊಳಗಿನದ್ದಕ್ಕೂ ಸಂಬಂಧವಿಲ್ಲ ಎನ್ನುವುದು ಆಮೇಲೆ ಕಷ್ಟವಾಯಿತು. ಕ್ಯಾಲಿಫೋರ್ನಿಯಾ ರಾಜ್ಯ 2021ರ ಜುಲೈಯಲ್ಲಿ ಆಕ್ಟಿವಿಷನ್ ಬ್ಲಿಜರ್ಡ್ ವಿರುದ್ಧ ಹೆಣ್ಣುಮಕ್ಕಳಿಗೆ ಕಿರುಕುಳ, ತಾರತಮ್ಯ ಎಸಗಿದ ಮೊಕದ್ದಮೆ ಹೂಡಿತು. ಅದೇ ವರ್ಷದ ಕೊನೆಗೆ ರಯಟ್ ಗೇಮ್ಸ್ ಇಂಥದೇ ದಾವೆಯೊಂದರಲ್ಲಿ 10 ಕೋಟಿ ಡಾಲರ್ ಕೊಡಲು ಒಪ್ಪಿತು. ಮೊಕದ್ದಮೆಯ ಬೆನ್ನಿಗೆ ಬ್ಲಿಜರ್ಡ್ ತನ್ನ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನೊಳಗಿನ ಗೋಡೆಯೊಂದರಲ್ಲಿ ತೂಗುಹಾಕಿದ್ದ ಹೆಣ್ಣಿನ ಚಿತ್ರಪಟವನ್ನು ತೆಗೆದು ಹಣ್ಣಿನ ಬುಟ್ಟಿಯ ಚಿತ್ರ ಹಾಕಿತು. ಸಂಬಳ, ಬಡ್ತಿ, ದೂರು ಕೇಳುವ ವ್ಯವಸ್ಥೆಗೆ ಆಗ್ರಹಿಸುತ್ತಿದ್ದ ನೌಕರರಿಗೆ ಇದು ಯಾವ ಉತ್ತರವೂ ಆಗಿರಲಿಲ್ಲ.

ಇಂಥ ಚಿತ್ರಣ ಆಡುವವರ ಮೇಲೆ ಏನು ಮಾಡುತ್ತದೆ ಎಂಬುದರಲ್ಲಿ ಸಂಶೋಧಕರು ಒಂದೇ ಮಾತು ಹೇಳುವುದಿಲ್ಲ. ಜೆಸ್ಸಿ ಫಾಕ್ಸ್ ಮತ್ತು ಜೆರೆಮಿ ಬೇಲೆನ್ಸನ್ ಮುಂತಾದವರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೈತೋರುವ ಉಡುಗೆಯ ಅವತಾರವನ್ನು ತಮ್ಮದಾಗಿ ಧರಿಸಿದ ಹೆಂಗಸರಲ್ಲಿ ತಮ್ಮ ದೇಹದ ಬಗೆಗಿನ ಯೋಚನೆ ಹೆಚ್ಚಾಗಿ ಕಂಡಿತು. ಜರ್ಮನಿಯ 824 ಆಟಗಾರರನ್ನು ಮೂರು ವರ್ಷ ಹಿಂಬಾಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಗೇಮ್ ಆಡುವುದಕ್ಕೂ ಹೆಣ್ಣಿನ ಬಗೆಗಿನ ಕೀಳು ಧೋರಣೆಗೂ ನಂಟು ಸಿಗಲಿಲ್ಲ. ಗೇಮ್ ಆಡಿದವರೆಲ್ಲ ಕೆಡುತ್ತಾರೆ ಎಂಬ ಹೆದರಿಕೆಗೆ ಆಧಾರವಿಲ್ಲ ಎನ್ನುವುದೇ ಪ್ರಾಮಾಣಿಕವಾದ ಮಾತು. ಆದರೆ ಈ ಚಿತ್ರಣ ತಪ್ಪು ಎನ್ನಲು ಅಪರಾಧದ ಅಂಕಿಅಂಶ ಬೇಕಿಲ್ಲ. ಅಮೆರಿಕದ ಗೇಮ್ ಉದ್ಯಮದ ಸಂಘವೇ 2014ರಲ್ಲಿ ಕೊಟ್ಟ ಲೆಕ್ಕದಂತೆ ಆಟಗಾರರಲ್ಲಿ 18 ದಾಟಿದ ಹೆಂಗಸರು ಶೇ 36, ಆ ವಯಸ್ಸಿನ ಕೆಳಗಿನ ಹುಡುಗರು ಶೇ 17. ಮನೆಗೆ ಬಂದವರಲ್ಲಿ ಅರ್ಧದಷ್ಟು ಜನರನ್ನು ಅವಮಾನಿಸಿ ಕೂರಿಸುವುದು ತಪ್ಪೆನ್ನಲು ಯಾವ ಪ್ರಯೋಗಶಾಲೆಯೂ ಬೇಡ.

ಬದಲಾವಣೆ ಬಂದಿದೆ, ಒಂದೇ ದಿಕ್ಕಿನಲ್ಲಿ ಅಲ್ಲ. ಬ್ಲಿಜರ್ಡ್‌ನ ‘ಓವರ್‌ವಾಚ್’ 2016ರಲ್ಲಿ ಇನ್ನೂ ಪರೀಕ್ಷೆಯಲ್ಲಿದ್ದಾಗ, ಟ್ರೇಸರ್ ಎಂಬ ತುಂಟ ಪಾತ್ರದ ವಿಜಯದ ಭಂಗಿ ಅವಳ ಸ್ವಭಾವಕ್ಕೆ ಹೊಂದದೆ ಹಿಂಭಾಗವನ್ನಷ್ಟೇ ತೋರಿಸುತ್ತದೆ ಎಂದು ಆಟಗಾರರೊಬ್ಬರು ಬರೆದರು. ಕಂಪನಿ ಭಂಗಿಯನ್ನು ಬದಲಿಸಿತು. ನೆದರ್ಲೆಂಡ್ಸ್‌ನ ಗೆರಿಲ್ಲಾ ಗೇಮ್ಸ್ 2017ರಲ್ಲಿ ‘ಹೊರೈಜನ್ ಜೀರೊ ಡಾನ್’ನ ಏಲಾಯ್‌ಳನ್ನು ಬೇಟೆಗಾರ್ತಿಗೆ ಒಪ್ಪುವ ಉಡುಗೆಯಲ್ಲೇ ತಂದಿತು. ಚೀನಾದ ‘ಗೆನ್‌ಶಿನ್ ಇಂಪ್ಯಾಕ್ಟ್’ 2022ರಲ್ಲಿ ಕೆಲವು ಹೆಣ್ಣುಪಾತ್ರಗಳಿಗೆ ಮೈಮುಚ್ಚುವ ಬದಲಿ ಉಡುಗೆ ಕೊಟ್ಟಿತಾದರೂ ಅದು ಸರ್ಕಾರದ ನಿಯಮಕ್ಕೆ ತಲೆಬಾಗಿ. ಪಾತ್ರದ ಬಗ್ಗೆ ಮರುಯೋಚನೆಯಿಂದಲ್ಲ. ‘ದಿ ಲಾಸ್ಟ್ ಆಫ್ ಅಸ್ 2’ (2020) ಕಟ್ಟುಮಸ್ತಾದ ತೋಳಿನ ಆ್ಯಬಿಯನ್ನು ತಂದಾಗ, ಹೆಣ್ಣು ಹೀಗಿರುವುದಿಲ್ಲ ಎಂದು ರೇಗಿದವರಿದ್ದರು. ಎರಡು ಎದೆಗೋಪುರ ಹೊತ್ತು ಬಂಡೆ ಹತ್ತಿದ ಲಾರಾಳನ್ನು ಸಹಜವೆಂದು ನಂಬಿ ಬೆಳೆದ ಕಣ್ಣಿಗೆ ದುಡಿದ ತೋಳು ಅಸಹಜವಾಗಿ ಕಂಡಿತ್ತು. ದಕ್ಷಿಣ ಕೊರಿಯಾದ ‘ಸ್ಟೆಲ್ಲರ್ ಬ್ಲೇಡ್’ (2024) ರೂಪದರ್ಶಿಯೊಬ್ಬರ ಮೈಯನ್ನು ಸ್ಕ್ಯಾನ್ ಮಾಡಿ ತನ್ನ ನಾಯಕಿಯನ್ನು ಹಳೆಯ ಅಚ್ಚಿಗೇ ಮರಳಿಸಿತು. ಅದೂ ಚೆನ್ನಾಗಿಯೇ ಮಾರಾಟವಾಯಿತು.

ಭಾರತದಲ್ಲಿ ಗೇಮ್ ಎಂದರೆ ಹೆಚ್ಚಿನವರಿಗೆ ಮೊಬೈಲ್. ಮಹಿಳೆಯರ ಅಸಭ್ಯ ಚಿತ್ರಣವನ್ನು ನಿಷೇಧಿಸುವ 1986ರ ಕಾಯ್ದೆ ಜಾಹೀರಾತು, ಪುಸ್ತಕ, ಚಿತ್ರಗಳ ಕಾಲದ್ದು. ಆಟಗಾರನ ಬೆರಳಿಗೆ ತಕ್ಕಂತೆ ತಿರುಗುವ ದೇಹ ಅದರ ಕಲ್ಪನೆಯಲ್ಲಿರಲಿಲ್ಲ. ಪ್ಲೇ ಸ್ಟೋರ್‌ನಲ್ಲಿ ಗೇಮಿನ ಹೆಸರಿನ ಬಳಿ ಕಾಣುವ 12+, 16+ ಗುರುತುಗಳು ಮುಖ್ಯವಾಗಿ ವಯಸ್ಸನ್ನು ಹೇಳುತ್ತವೆ. ದುಡ್ಡು ಪಡೆಯದೆ ಆಡಲು ಬಿಡುವ ಗೇಮ್‌ಗಳಿಗೆ ಪಾತ್ರಗಳ ಹೊಸ ಉಡುಗೆ, ಅಂದರೆ ಸ್ಕಿನ್, ಮಾರುವುದೇ ಒಂದು ಮುಖ್ಯ ಆದಾಯ. ಹೆಣ್ಣುಪಾತ್ರವನ್ನು ವಸ್ತುವಾಗಿಸುವ ಆಸೆ ಇಲ್ಲಿ ಅಂಗಡಿಯ ಕಪಾಟಿಗೇ ಬಂದು ಕೂತಿದೆ.

ಈ ಕಥೆಗೆ ಬೆಂಗಳೂರಿನ ನಂಟೂ ಇದೆ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಗೇಮ್ ಕಂಪನಿಗಳಲ್ಲೊಂದು; ಹೊರದೇಶದ ದೊಡ್ಡ ಗೇಮ್‌ಗಳಿಗೆ ವಸ್ತು, ವಾಹನ, ಪರಿಸರದಂಥ ಕಲಾಕೆಲಸ ಮಾಡಿಕೊಟ್ಟು ಬೆಳೆದ ಅದನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಹೀಗೆ ಗುತ್ತಿಗೆಗೆ ಬರುವ ಕೆಲಸದಲ್ಲಿ ಪಾತ್ರದ ರೂಪ ಮೊದಲೇ ನಿಶ್ಚಯವಾಗಿರುತ್ತದೆ. ಕಲಾವಿದೆಗೆ ಅದನ್ನು ಕಟ್ಟಿಕೊಡುವುದಷ್ಟೇ ಉಳಿದಿರುತ್ತದೆ. ತನ್ನದೇ ಗೇಮ್ ಮಾಡಿದಾಗ ತೀರ್ಮಾನ ತನ್ನ ಮೇಜಿಗೆ ಬರುತ್ತದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ಹಾಗೆ ಹುಟ್ಟಿದ್ದು. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಡುವ, ದುರ್ಗೆ ಆಯುಧ ಕೊಟ್ಟು ಹರಸಿದ ಹುಡುಗಿ ಅದರ ನಾಯಕಿ. ಇಲ್ಲಿ ಬಿಡಿಸಬೇಕಾದವನು ಗಂಡುಹುಡುಗ, ಬಿಡಿಸುವವಳು ಅಕ್ಕ. ರಾಜಿಯ ಉಡುಗೆ ಲಾಗ ಹೊಡೆಯುವ, ಕಂಬ ಹತ್ತುವ ಹುಡುಗಿಗೆ ತಕ್ಕದ್ದು. ಕ್ಯಾಮೆರಾ ದೂರದಲ್ಲಿ, ಎತ್ತರದಲ್ಲಿ ನಿಂತು ಅವಳ ಜೊತೆಗೆ ಕೋಟೆಯ ಗೋಡೆಗಳನ್ನೂ ಭಿತ್ತಿಚಿತ್ರಗಳನ್ನೂ ತೋರಿಸುತ್ತದೆ. ಡರ್ಬಿಯಲ್ಲಿ ಲಾರಾಳನ್ನು ರೂಪಿಸಿದಂತೆಯೇ ಇದನ್ನು ರೂಪಿಸಿದ್ದೂ ಒಂದು ಪುಟ್ಟ ತಂಡ.